ಸೂಜಿಯಮ್ಮನ ಮಾತು

ಆ ಬಡಾವಣೆಯಲ್ಲಿ ಸೂಜಿಯಮ್ಮನ ಕೈಯಲ್ಲಿ ಚುಚ್ಚಿಸಿಕೊಳ್ಳದವರು ಯಾರಾದರೂ ಇದ್ದರೆ ಅವರು ಈಚೆಗೆ ಬಾಡಿಗೆಗೆ ಬಂದವರೇ ಆಗಿರಬೇಕು. ಆರೋಗ್ಯ ಕೇಂದ್ರಕ್ಕೆ ನರ್ಸಾಗಿ ಸೇರಿದವಳು ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ಇದ್ದಳು. ನಿವೃತ್ತಿಯಾದ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ. ಬೀದಿಯಲ್ಲಿ ಅವಳು ಎದುರಾದರೆ ಮೀಸೆ ಹೊತ್ತ ಗಂಡಸರೂ ಒಮ್ಮೆ ತೋಳು ಸವರಿಕೊಂಡು ನಗುತ್ತಿದ್ದರು.

ಹೆಸರು ಸೂಜಿಯಿಂದ ಬಂದಿದ್ದರೂ ಮರ್ಯಾದೆ ಬಂದಿದ್ದು ಬೇರೆಯದರಿಂದ. ಅವಳು ಕೇಂದ್ರಕ್ಕೆ ಹೊಸದಾಗಿ ಸೇರಿದ ಕಾಲದಲ್ಲಿ, ಮಕ್ಕಳ ಬಾಯಿಗೆ ಹಾಕುವ ಪೋಲಿಯೋ ಹನಿಯಿಂದ ಬೆಳವಣಿಗೆ ನಿಂತುಹೋಗುತ್ತದೆ ಎಂಬ ಗಾಳಿಸುದ್ದಿ ಎದ್ದಿತ್ತು. ಡಾಕ್ಟರು ಬಂದು ಭಾಷಣ ಮಾಡಿದರೂ ಜನ ಬಾಗಿಲು ತೆಗೆಯಲಿಲ್ಲ. ಸೂಜಿಯಮ್ಮ ಭಾಷಣದ ಗೋಜಿಗೆ ಹೋಗಲಿಲ್ಲ. ಹಾಲುಹಲ್ಲಿನ ತನ್ನ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿ ನಲ್ಲಿಯ ಹತ್ತಿರ ಹೋದಳು. ನೀರಿಗೆ ಸಾಲು ನಿಂತಿದ್ದ ಹೆಂಗಸರೆಲ್ಲ ನೋಡುತ್ತಿದ್ದಂತೆ, "ಬಾಯಿ ತೆಗಿ ಕಂದಾ" ಎಂದು ಮೊದಲ ಹನಿಯನ್ನು ಅವನ ಬಾಯಿಗೇ ಬಿಟ್ಟಳು. ಹುಡುಗ ಮುಖ ಸಿಂಡರಿಸಿದವನು ಇನ್ನೂ ಬೇಕೆಂಬಂತೆ ಮತ್ತೆ ಬಾಯಿ ತೆರೆದ. ಹೆಂಗಸರು ನಕ್ಕುಬಿಟ್ಟರು. ಅಷ್ಟು ಸಾಕಾಯಿತು. ಮುಂದಿನ ವಾರ ಕೇಂದ್ರದ ಬಾಗಿಲಲ್ಲಿ ನಿಲ್ಲಲು ಜಾಗವಿರಲಿಲ್ಲ. ಸೂಜಿಯಮ್ಮ ಹೇಳಿದಳೆಂದರೆ ಮುಗಿಯಿತು ಎನ್ನುವುದು ಆ ಬೀದಿಗಳಲ್ಲಿ ಅಂದಿನಿಂದ ರೂಢಿಯಾಯಿತು.

ಬಾಯಿ ತೆರೆದ ಆ ಹುಡುಗ ಈಗ ಶಾಲಾ ವ್ಯಾನಿನ ಡ್ರೈವರು. ಹೆಂಡತಿ ಬೇಕರಿಯಲ್ಲಿ ಕೌಂಟರಿನ ಕೆಲಸಕ್ಕೆ ಹೋಗುತ್ತಾಳೆ. ಮಗಳು ಮೂರನೇ ತರಗತಿ. ಯಾವ ಮಾತಿಗೂ ಮರುಪ್ರಶ್ನೆ ಹಾಕದೆ ಬಿಡುವವಳಲ್ಲವಾದ್ದರಿಂದ ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದು ಹೆಸರು. ಮೂರು ಕೋಣೆಯ ಮನೆ, ಮುಂದೆ ವ್ಯಾನು ನಿಲ್ಲಿಸುವಷ್ಟು ಜಾಗ.

ಮೊದಲಿದ್ದದ್ದು ಡೀಸೆಲ್ ವ್ಯಾನು. ಬೆಳಿಗ್ಗೆ ಅದನ್ನು ಚಾಲೂ ಮಾಡಿದರೆ ಕೆಮ್ಮು ಹತ್ತಿದ ಮುದುಕನ ಹಾಗೆ ಗೊರಗೊರ ಎಂದು, ಎದುರುಮನೆಯವರು ಕಿಟಕಿ ಮುಚ್ಚಿಕೊಳ್ಳುವಷ್ಟು ಹೊಗೆ ಬಿಡುತ್ತಿತ್ತು. ಮಗನ ಅಂಗಿಯ ಕಾಲರು ಸಂಜೆಗೆ ಕಪ್ಪು. ಸೊಸೆ ಸೋಪು ಹಚ್ಚಿ ಬ್ರಷ್ ಹಾಕಿ ತಿಕ್ಕಿ, "ಇದು ಕಾಲರೋ ತವೆಯ ತಳವೋ" ಎನ್ನುತ್ತಿದ್ದಳು. ವ್ಯಾನಿನ ಹಿಂದಿನ ಸೀಟಿನ ಮಕ್ಕಳು ಮೂಗು ಮುಚ್ಚಿಕೊಂಡೇ ಶಾಲೆ ಸೇರುತ್ತಿದ್ದವು. ಇದನ್ನೆಲ್ಲ ನೋಡಿ ನೋಡಿ ಮಗ ಒಂದು ದಿನ ಗಟ್ಟಿ ಮನಸ್ಸು ಮಾಡಿ, ಹಳೆಯದನ್ನು ಕೊಟ್ಟು, ಸಾಲ ಮಾಡಿ ಕರೆಂಟಿನ ವ್ಯಾನು ತಂದ.

ಅದು ಸದ್ದಿಲ್ಲದೆ ಬಂದು ಮನೆಮುಂದೆ ನಿಂತಾಗ ಸೂಜಿಯಮ್ಮನಿಗೆ ಬಂದದ್ದೇ ಗೊತ್ತಾಗಲಿಲ್ಲ. ಚಾರ್ಜಿನ ವೈರು ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.

"ಒಲೆ ಪಕ್ಕದಲ್ಲೇ ವೈರು ಹೋಗ್ತಿದೆಯಲ್ಲೋ" ಎಂದಳು.

"ಒಲೆ ಆ ಕಡೆ, ಕಿಟಕಿ ಈ ಕಡೆ. ಮಧ್ಯದಲ್ಲಿ ನೀನಿದೀಯಲ್ಲಮ್ಮಾ, ಎರಡನ್ನೂ ಕಾಯೋಕೆ."

ಸೊಸೆ ನಕ್ಕಳು. ಆ ತಿಂಗಳು ಕಾಲರುಗಳು ಬೆಳ್ಳಗಿದ್ದವು. ಮಗ ಸಂಜೆ ಬಂದವನು ಮೊದಲಿನ ಹಾಗೆ ತಲೆ ಹಿಡಿದುಕೊಂಡು ಮಲಗುತ್ತಿರಲಿಲ್ಲ. ಮಗಳ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದ. ವ್ಯಾನಿನೊಳಗೆ ಮಕ್ಕಳು ಪಿಸುಗುಟ್ಟಿದರೂ ಕೇಳುತ್ತಿದ್ದುದರಿಂದ, ಯಾರು ಯಾರ ಪೆನ್ಸಿಲು ಕದ್ದರು, ಯಾರಿಗೆ ಯಾರ ಮೇಲೆ ಮುನಿಸು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಊಟದ ಹೊತ್ತಿಗೆ ಅದೇ ಸುದ್ದಿ. ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ಕಾಲವಾಗಿತ್ತು.

ಒಂದು ಮಧ್ಯಾಹ್ನ ಸೂಜಿಯಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತ ಕೂತಿದ್ದಾಗ ಫೋನಿಗೆ ಒಂದು ವೀಡಿಯೋ ಬಂತು. ರಸ್ತೆಬದಿಯಲ್ಲಿ ಬಿಳಿಯ ವ್ಯಾನೊಂದು ಧಗಧಗ ಉರಿಯುತ್ತಿತ್ತು. ಟಾರಿನ ಮೇಲೆ ಮಕ್ಕಳ ಚೀಲಗಳು ಬಿದ್ದಿದ್ದವು. ಯಾರೋ ಹೆಂಗಸು ಚೀರುತ್ತಿದ್ದಳು, ಯಾವ ಭಾಷೆಯೋ ತಿಳಿಯಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ: ಕರೆಂಟ್ ವ್ಯಾನಿನ ಬ್ಯಾಟರಿ ಸ್ಫೋಟ, ನಿಮ್ಮ ಮಕ್ಕಳು ಸುರಕ್ಷಿತವೇ?

ಅವಳು ಹೆರೆಯುವುದನ್ನು ನಿಲ್ಲಿಸಿದಳು. ಕೇಂದ್ರಕ್ಕೆ ಬರುವ ಮೊದಲು ಅವಳು ದೊಡ್ಡಾಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿದ್ದವಳು. ಪಟ್ಟಿ ಬಿಚ್ಚುವಾಗ ಮಕ್ಕಳು ಅಳುವ ಅಳು ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಿಟಕಿಯ ಕಡೆ ನೋಡಿದಳು. ವೈರು ಸುಮ್ಮನೆ ಜೋತಾಡುತ್ತಿತ್ತು. ಮೊಮ್ಮಗಳು ದಿನಾ ಕೂರುವ ಮುಂದಿನ ಸೀಟು ಕಣ್ಣಿಗೆ ಬಂತು.

ಅವಳಿಗೆ ಅಕ್ಷರ ಒತ್ತುವ ತಾಳ್ಮೆ ಇರಲಿಲ್ಲ. ಹಳೆಯ ಸಹೋದ್ಯೋಗಿ ನರ್ಸುಗಳದ್ದೊಂದು ಗ್ರೂಪಿತ್ತು, ವೀಡಿಯೋವನ್ನು ಅದಕ್ಕೆ ಹಾಕಿ, ಕೆಳಗೆ ಬಾಯಲ್ಲೇ ಹೇಳಿದಳು: "ನಾನು ಸೂಜಿಯಮ್ಮ ಮಾತಾಡ್ತಿರೋದು. ಇದನ್ನ ನೋಡಿ ನಂಗೆ ಕೈಕಾಲು ನಡುಗ್ತಿದೆ. ನನ್ನ ಮಗಂದೂ ಇದೇ ಥರದ ಗಾಡಿ. ಸುಟ್ಟ ಮಕ್ಕಳನ್ನ ಕಣ್ಣಾರೆ ನೋಡಿದೀನಿ, ಕೈಯಾರೆ ಪಟ್ಟಿ ಕಟ್ಟಿದೀನಿ. ಮಕ್ಕಳ ವಿಷಯ ಕಣ್ರೇ, ಯೋಚನೆ ಮಾಡಿ ಕೂರಿಸಿ."

ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಜನ್ಮವೆಲ್ಲ ಎಚ್ಚರಿಸುವುದೇ ಕೆಲಸವಾಗಿದ್ದವಳು. ಉಳಿದ ಆಲೂಗಡ್ಡೆ ಹೆರೆದು ನೀರಿಗೆ ಹಾಕಿದಳು.

ಸಂಜೆ ಮಗನ ಹತ್ತಿರವೂ ಹೇಳಿದಳು. "ಚಾರ್ಜಿಗೆ ಮನೇಲಿ ಹಾಕ್ಬೇಡ. ಎಲ್ಲೋ ಒಂದು ಗಾಡಿ ಉರಿದುಹೋಗಿದೆ."

"ಎಲ್ಲೋ ಅಂದ್ರೆ ಎಲ್ಲಿ?"

"ಫೋನಲ್ಲಿ ಬಂತು."

"ಫೋನಲ್ಲಿ ದಿನಾ ಪ್ರಪಂಚ ಮುಳುಗ್ತಿರುತ್ತಮ್ಮಾ. ಊಟ ಬಡಿಸು" ಎಂದ ಮಗ. ಗ್ರೂಪಿಗೆ ಹಾಕಿದ ಮಾತನ್ನು ಅವಳು ಎತ್ತಲಿಲ್ಲ. ಮುಚ್ಚಿಟ್ಟಳೆಂದಲ್ಲ, ಅದು ಹೇಳುವಂಥ ಸಂಗತಿ ಎಂದೇ ಅವಳಿಗೆ ತೋಚಿರಲಿಲ್ಲ.

ಮುಂದಿನ ಸೋಮವಾರ ಅವಳಿಜವಳಿ ಹುಡುಗಿಯರ ಮನೆಯವರು, ಇನ್ನು ಮೇಲೆ ಸೋದರಮಾವನೇ ಬಿಡ್ತಾನೆ ಎಂದರು. ಮರುದಿನ ಮೂಲೆಮನೆಯ ಹುಡುಗನಿಗೆ ಚಿಕ್ಕಪ್ಪ ಸಿಕ್ಕ. ವಾರ ಮುಗಿಯುವಷ್ಟರಲ್ಲಿ ಹಿಂದಿನ ಸಾಲು ಪೂರ್ತಿ ಖಾಲಿ.

"ಎಲ್ಲರಿಗೂ ಒಟ್ಟಿಗೇ ಮಾವಂದಿರು ಹುಟ್ಟಿಕೊಂಡ್ರಾ?" ಎಂದ ಮಗ, ಊಟಕ್ಕೆ ಕೂತು.

"ಬೇಕರೀಲೂ ಏನೋ ಮಾತಾಡ್ಕೋತಾರೆ. ನಾನು ಹತ್ರ ಹೋದ್ರೆ ಬ್ರೆಡ್ ಎಷ್ಟು ಅಂತ ಕೇಳ್ತಾರೆ. ದಿನಾ ತಗೊಳ್ಳೋರಿಗೆ ಬ್ರೆಡ್ ಎಷ್ಟು ಅಂತ ಗೊತ್ತಿಲ್ವಾ?" ಎಂದಳು ಸೊಸೆ.

"ಏನೋ ಇರುತ್ತೆ, ಸರಿಹೋಗುತ್ತೆ ಬಿಡು" ಎಂದಳು ಸೂಜಿಯಮ್ಮ.

ಎರಡು ದಿನ ಬಿಟ್ಟು ಮಗ ಸಂಜೆ ಬಂದವನು ಕೈಕಾಲು ತೊಳೆಯಲಿಲ್ಲ. ಸೊಸೆ ಬಡಿಸುತ್ತಿದ್ದಳು. ಅವನು ತಟ್ಟೆಯ ಪಕ್ಕದಲ್ಲಿ ಫೋನಿಟ್ಟು ಒತ್ತಿದ.

ನಾನು ಸೂಜಿಯಮ್ಮ ಮಾತಾಡ್ತಿರೋದು, ಎಂದಿತು ಫೋನು.

ಮೊಮ್ಮಗಳು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅಜ್ಜಿಯನ್ನೂ ಫೋನನ್ನೂ ಒಂದಾದ ಮೇಲೊಂದು ನೋಡಿದಳು. ಫೋನು ಕೊನೆಯ ಮಾತಿನವರೆಗೂ ಹೇಳಿ ಮುಗಿಸಿತು.

"ಶಾಲೆ ಗೇಟಲ್ಲಿ ಒಬ್ಬರು ಕೇಳಿಸಿದ್ರು. ಪಾಪ, ನಂಗೆ ಗೊತ್ತಿಲ್ಲ ಅಂತ ಅವರಿಗೇ ಬೇಜಾರಾಯ್ತು" ಎಂದ ಮಗ. "ನಿಮ್ಮ ತಾಯೀನೇ ಹೇಳ್ತಿದಾರಲ್ಲ, ನಾವೇನು ಮಾಡೋಣ ಅಂದ್ರು. ಏನು ಹೇಳ್ಲಿ ನಾನು ಅವರಿಗೆ?"

"ನಾನು ನಮ್ಮ ಗ್ರೂಪಿಗೆ ಹಾಕಿದ್ದು ಕಣೋ. ನಾವೇ ಒಂದಷ್ಟು ಮುದುಕಿಯರು ಇರೋದು."

"ಆ ಮುದುಕಿಯರಿಗೆ ಸೊಸೆಯರಿದಾರೆ. ಆ ಸೊಸೆಯರಿಗೆ ಮಕ್ಕಳಿದಾರೆ. ಆ ಮಕ್ಕಳು ನನ್ನ ಗಾಡೀಲಿದ್ರು."

"ಭಯ ಆಯ್ತು. ಭಯ ಆಗಿದ್ದನ್ನ ಹೇಳಿದೆ. ತಪ್ಪಾ?"

"ನನ್ನನ್ನ ಕೇಳ್ಬೋದಿತ್ತಲ್ಲ. ನಾನು ಸಂಜೆ ಮನೆಗೆ ಬರ್ತೀನಲ್ಲ. ಬಂದವನನ್ನ ಮೊದಲು ಕೇಳ್ಬೋದಿತ್ತಲ್ಲಮ್ಮಾ." ಅವನ ದನಿ ಏರಿರಲಿಲ್ಲ. ಏರಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನು ಆ ವೀಡಿಯೋವನ್ನೇ ತೆಗೆದು, ನಿಲ್ಲಿಸಿ, ಬೆರಳಿನಿಂದ ದೊಡ್ಡದು ಮಾಡಿ ಅವಳ ಮುಂದೆ ಹಿಡಿದ. ಉರಿಯುವ ವ್ಯಾನಿನ ಹಿಂಭಾಗದಲ್ಲಿ, ಚಕ್ರದ ಪಕ್ಕ, ಕೊಳವೆಯೊಂದು ಹೊರಗೆ ಚಾಚಿತ್ತು.

"ಇದೇನು?"

"ಸೈಲೆನ್ಸರ್" ಎಂದಳು ಲಾಯರಮ್ಮ, ಅಜ್ಜಿಗಿಂತ ಮೊದಲೇ. "ಹೊಗೆ ಬರೋದು. ನಮ್ಮ ಹಳೇ ವ್ಯಾನಿಗಿತ್ತು."

"ಹೊಸದಕ್ಕೆ?"

"ಇಲ್ಲ."

ಸೂಜಿಯಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಕಣ್ಣಿಗೆ ರಾಚುವ ಹಾಗಿತ್ತು. ಅಂದು ಕೂಡ ಅದು ಅಲ್ಲೇ ಇತ್ತು. ಅವಳು ನೋಡಿದ್ದು ಬೆಂಕಿ ಮತ್ತು ಚೀಲ. ಸೊಸೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು, ಅರ್ಧ ಉಂಡವೂ ಸೇರಿದಂತೆ.

ಮರುದಿನ ಬೆಳಿಗ್ಗೆ ಸೂಜಿಯಮ್ಮ ಮತ್ತೆ ಫೋನು ಹಿಡಿದಳು. ಈ ಸಲ ಹೇಳುವುದನ್ನು ಮೊದಲೇ ಯೋಚಿಸಿಕೊಂಡು, ನೆಟ್ಟಗೆ ಕೂತು ಹೇಳಿದಳು: ಆ ವೀಡಿಯೋ ಕರೆಂಟ್ ಗಾಡಿಯದ್ದಲ್ಲ, ಅದಕ್ಕೆ ಹೊಗೆಕೊಳವೆ ಇದೆ, ತಾನು ನೋಡದೆ ಹೇಳಿದ್ದು ತಪ್ಪು, ದಯವಿಟ್ಟು ಇದನ್ನೂ ಎಲ್ಲರಿಗೂ ಕಳಿಸಿ. ಗ್ರೂಪಿನಲ್ಲಿ ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಒಬ್ಬಾಕೆ ಮಾತ್ರ ಬರೆದಳು: ಯಾಕೆ ಅಕ್ಕಾ, ಮಗ ಬೈದನಾ?

ಆ ಎರಡನೆಯ ಮಾತು ಶಾಲೆಯ ಗೇಟಿನವರೆಗೆ ಹೋಗಲೇ ಇಲ್ಲ. ಮೊದಲನೆಯದು ಮಾತ್ರ ಊರು ಸುತ್ತುತ್ತಲೇ ಇತ್ತು. ಬೇರೆ ಊರಿನಿಂದ ಅವಳ ತಂಗಿ ಫೋನು ಮಾಡಿದಳು. "ಅಕ್ಕಾ, ನಿನ್ನ ದನಿ ನಮ್ಮ ಬೀದಿಗೂ ಬಂದಿದೆ ಕಣೇ. ಅಳಿಯ ಕರೆಂಟ್ ಸ್ಕೂಟರ್‌ಗೆ ಮುಂಗಡ ಕೊಟ್ಟಿದ್ದ, ವಾಪಸ್ ತಗೊಂಡ. ಒಳ್ಳೇದಾಯ್ತು ಬಿಡು."

"ಅದು ಸುಳ್ಳು ಕಣೇ."

"ಸುಳ್ಳೇ ಇರ್ಲಿ. ಬೆಂಕಿ ಜೊತೆ ಯಾರಿಗೆ ಬೇಕು ಸರಸ?"

ಸೂಜಿಯಮ್ಮ ಕೈಕಟ್ಟಿ ಕೂರುವವಳಲ್ಲ. ಅವಳಿಗೆ ಗಾಳಿಸುದ್ದಿಯನ್ನು ಮುರಿಯುವ ದಾರಿ ಒಂದೇ ಗೊತ್ತಿತ್ತು. ಮಗನಿಗೆ ಹೇಳದೆ, ಬೆಳಿಗ್ಗೆ ಸೀರೆ ಬದಲಿಸಿ, ತಲೆ ಬಾಚಿ, ಮೊಮ್ಮಗಳ ಕೈಹಿಡಿದು ವ್ಯಾನಿನಲ್ಲಿ ಮುಂದೆ ಹತ್ತಿ ಕೂತಳು.

"ಎಲ್ಲಿಗಮ್ಮಾ?"

"ನಡಿ. ಯಾರ್ಯಾರು ಬಿಟ್ರೋ ಅವರ ಮನೆ ಮುಂದೆಲ್ಲ ನಿಲ್ಲಿಸು."

ಮಗ ಬೇಡವೆನ್ನಲಿಲ್ಲ. ಅವನಿಗೂ ಹಳೆಯ ನಲ್ಲಿಯ ಕತೆ ಗೊತ್ತಿತ್ತು. ಕೇಳಿ ಕೇಳಿ ಬೆಳೆದವನು. ಅಂದು ಅವನ ಮುಖದಲ್ಲೂ ಸ್ವಲ್ಪ ಆಸೆ ಇತ್ತು, ಸೂಜಿಯಮ್ಮ ಅದನ್ನು ಕಂಡಳು.

ಮನೆಮನೆಯ ಮುಂದೆ ಇಳಿದಳು. "ನೋಡಿ, ನನ್ನ ಒಬ್ಬಳೇ ಮೊಮ್ಮಗಳನ್ನ ಇದರಲ್ಲೇ ಕೂರಿಸಿದೀನಿ. ನಾನೂ ಕೂತಿದೀನಿ. ಅಪಾಯ ಇದ್ರೆ ಕೂರಿಸ್ತಿದ್ನಾ?" ಎಂದಳು. ಯಾರೂ ಒರಟಾಗಿ ಮಾತಾಡಲಿಲ್ಲ. ಕುರ್ಚಿ ಹಾಕಿದರು, ಚಹಾ ಕೊಟ್ಟರು. ಕೊಟ್ಟು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೋಡೋಣ, ಮನೆಯವರನ್ನ ಕೇಳ್ತೀನಿ, ಈ ತಿಂಗಳು ಕಳೀಲಿ ಎಂದರು. ಬಾಗಿಲು ದಾಟಿದ ಮೇಲೆ ಒಳಗಿನಿಂದ, "ಪಾಪ, ಮಗನಿಗೋಸ್ಕರ ಈ ವಯಸ್ಸಲ್ಲಿ ಏನೆಲ್ಲ ಮಾಡ್ಬೇಕು ನೋಡು" ಎಂಬ ಮಾತು ಅವಳ ಕಿವಿಗೆ ಬಿತ್ತು.

ಅವಳಿಜವಳಿಗಳ ತಾಯಿ ಟೈಲರು. ಅವಳು ಮಗುವಾಗಿದ್ದಾಗ ಆ ಮನೆಯ ಅಜ್ಜಿ ಬೇಡವೆಂದು ಹಟ ಹಿಡಿದಿದ್ದರೂ ಸೂಜಿಯಮ್ಮ ಬಿಡದೆ ಹನಿ ಹಾಕಿದ್ದಳು. ಅವಳಾದರೂ ಮಾತು ಕೇಳುತ್ತಾಳೆಂದು ಸೂಜಿಯಮ್ಮನಿಗೆ ನಂಬಿಕೆ ಇತ್ತು. ಟೈಲರು ಹೊಲಿಗೆ ಮಿಷನ್ನಿನ ಮೇಲಿನ ಬಟ್ಟೆ ಬದಿಗೆ ಸರಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

"ಬೇಜಾರು ಮಾಡ್ಕೋಬೇಡಿ ಸೂಜಿಯಮ್ಮ. ಮೊದಲನೇ ಮೆಸೇಜಲ್ಲಿ ನಿಮ್ಮ ದನಿ ನಡುಗ್ತಿತ್ತು. ನಿಮ್ಮ ದನಿ ನಡುಗಿದ್ದನ್ನ ನಾನು ಯಾವತ್ತೂ ಕೇಳಿಲ್ಲ. ನಾನು ನಂಬಿದ್ದು ಆ ನಡುಕಾನ. ಈಗ ನೀವು ಚೆನ್ನಾಗಿ ಯೋಚಿಸಿ ಮಾತಾಡ್ತಿದೀರ."

"ಈಗ ಹೇಳ್ತಿರೋದೇ ನಿಜ ಕಣಮ್ಮಾ."

"ಇರ್ಬೋದು. ಆದ್ರೆ ಎರಡು ಮಕ್ಕಳ ತಾಯಿ ನಾನು. ನಿಜಾನೋ ಅಲ್ವೋ ಅಂತ ಅವರನ್ನ ಕೂರಿಸಿ ನೋಡೋಕಾಗುತ್ತಾ?"

ಹಿಂದೆ ಇದೇ ಮನೆಯಲ್ಲಿ ಈಕೆಯ ಅಜ್ಜಿ ಇದೇ ಮಾತನ್ನೇ ಕೇಳಿದ್ದಳು. ಆಗ ಉತ್ತರವಾಗಿ ಸೂಜಿಯಮ್ಮನ ಸೊಂಟದ ಮೇಲೆ ಒಂದು ಮಗು ಇತ್ತು.

ವ್ಯಾನು ಮತ್ತೆ ಸದ್ದಿಲ್ಲದೆ ಹೊರಟಿತು. ಲಾಯರಮ್ಮ ಕೇಳಿದಳು: "ಅಜ್ಜಿ, ನೀನು ಸುಳ್ಳು ಹೇಳಿದ್ದು ಆಗಲೋ, ಈಗಲೋ?"

"ಆಗ. ಆದ್ರೆ ಸುಳ್ಳು ಅಂತ ಗೊತ್ತಿರ್ಲಿಲ್ಲ."

"ಹಂಗಾದ್ರೆ ಈಗ್ಲೂ ಗೊತ್ತಿಲ್ದೆ ಹೇಳ್ತಿರ್ಬೋದಲ್ವಾ?"

"ಏ, ಸುಮ್ನಿರು" ಎಂದ ಮಗ, ಪಕ್ಕದಲ್ಲಿದ್ದ ತಾಯಿಯ ಮುಖ ನೋಡಿ. ಸ್ವಲ್ಪ ದೂರ ಹೋದ ಮೇಲೆ ಮಗು ಮೆತ್ತಗೆ, "ಅಪ್ಪಾ, ನನ್ನನ್ನ ಮೂಲೇಲೇ ಇಳಿಸು. ಗೇಟಲ್ಲಿ ಬಾಂಬ್ ವ್ಯಾನು ಅಂತಾರೆ" ಎಂದಿತು. ಅವನು ಮೂಲೆಯಲ್ಲೇ ಇಳಿಸಿದ. ಚೀಲ ಹೊತ್ತು, ಹಿಂದೆ ತಿರುಗಿ ನೋಡದೆ ಅವಳು ನಡೆದು ಹೋಗುವುದನ್ನು ತಾಯಿಮಗ ಇಬ್ಬರೂ ನೋಡಿದರು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಜಗಳವೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಮಗ, "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಎಂದಷ್ಟೇ ಕೇಳುತ್ತಿದ್ದ. ಒಂದು ದಿನ ಮಾತ್ರ ಸೊಸೆ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಹೊರಗಿನವರು ಯಾರಾದ್ರೂ ಹಬ್ಬಿಸಿದ್ರೆ ಅವರ ಮನೆ ಬಾಗಿಲಿಗೆ ಹೋಗಿ ಕೇಳ್ತಿದ್ದೆ ಅತ್ತೆ. ನಿಮ್ಮನ್ನ ಏನಂತ ಕೇಳ್ಲಿ?"

"ಕೇಳು. ಬೈದುಬಿಡು. ನಾಲ್ಕು ಮಾತು ಅಂದುಬಿಡು."

"ಬೈದ್ರೆ ಮಕ್ಕಳು ವಾಪಸ್ ಬರ್ತಾರಾ?" ಎಂದು ಅವಳು ಪಾತ್ರೆಯನ್ನು ಬೋರಲು ಹಾಕಿದಳು.

ಹೊಸ ವ್ಯಾನಿನ ಕಂತು ಕಟ್ಟಲಾಗದೆ ಹೋದಾಗ ಮಾರಿದ ಅಂಗಡಿಯವರೇ ಅದನ್ನು ನಷ್ಟದ ಬೆಲೆಗೆ ವಾಪಸ್ಸು ತೆಗೆದುಕೊಂಡರು. ಹೋಗುವಾಗಲೂ ಅದು ಸದ್ದು ಮಾಡಲಿಲ್ಲ. ಮಗ ಅಡುಗೆಮನೆಯ ಕಿಟಕಿಯಿಂದ ವೈರನ್ನು ಎಳೆದು ಸುತ್ತಿಕೊಂಡ. ಕಿಟಕಿ ಈಗ ಪೂರ್ತಿ ಮುಚ್ಚುತ್ತಿತ್ತು. ಆ ವ್ಯಾನಿನ ಜಾಗಕ್ಕೆ ಯಾರದೋ ಕೈಯಲ್ಲಿ ಸವೆದ ಡೀಸೆಲ್ ವ್ಯಾನು ಬಂತು. ಮೊದಲಿನದಕ್ಕಿಂತಲೂ ಹಳೆಯದು, ಮೊದಲಿನದಕ್ಕಿಂತಲೂ ಹೆಚ್ಚು ಹೊಗೆ.

ಮಕ್ಕಳೆಲ್ಲ ವಾಪಸ್ಸು ಬಂದರು. ಸೋದರಮಾವಂದಿರಿಗೂ ಚಿಕ್ಕಪ್ಪಂದಿರಿಗೂ ಪುರುಸೊತ್ತಿಲ್ಲದಾಯಿತು. ಅವಳಿಜವಳಿಗಳು ಹಿಂದಿನ ಸೀಟಿನಲ್ಲಿ ಕೂತು, ಮೂಗಿಗೆ ಯೂನಿಫಾರ್ಮಿನ ಕಾಲರು ಒತ್ತಿಕೊಂಡು ಹೋಗತೊಡಗಿದರು. ಲಾಯರಮ್ಮನನ್ನು ಈಗ ಗೇಟಿನ ಮುಂದೆಯೇ ಇಳಿಸಬಹುದಾಗಿತ್ತು. ಮಕ್ಕಳ ಪಿಸುಮಾತು ಮಾತ್ರ ಮಗನಿಗೆ ಕೇಳಿಸುತ್ತಿರಲಿಲ್ಲ, ಊಟದ ಹೊತ್ತಿಗೆ ಹೇಳಲು ಸುದ್ದಿಯೂ ಇರುತ್ತಿರಲಿಲ್ಲ.

ಒಂದು ಸಂಜೆ ಪೋಷಕರ ಸಭೆಗೆಂದು ಸೊಸೆಯ ಬದಲು ಸೂಜಿಯಮ್ಮ ಶಾಲೆಗೆ ಹೋಗಿದ್ದಳು. ಸಭೆ ಮುಗಿದು ಗೇಟಿನಲ್ಲಿ ನಿಂತಿದ್ದ ತಾಯಂದಿರು ಅವಳನ್ನು ಸುತ್ತುವರಿದರು. ಟೈಲರು ಮುಂದೆ ಬಂದು ಒಂದು ಚೀಲ ಕಿತ್ತಳೆಹಣ್ಣನ್ನು ಅವಳ ಕೈಗಿತ್ತಳು.

"ಎಲ್ಲರೂ ಸೇರಿ ತಂದಿದ್ದು. ಸ್ವಂತ ಮಗನ ಹೊಟ್ಟೆಪಾಡಿಗೆ ಪೆಟ್ಟು ಬೀಳುತ್ತೆ ಅಂತ ಗೊತ್ತಿದ್ರೂ ನಮಗೆ ನಿಜ ಹೇಳಿದ್ರಿ. ಆಗ ನಮ್ಮನ್ನ ಉಳಿಸಿದ್ರಿ, ಈಗ ನಮ್ಮ ಮಕ್ಕಳನ್ನ ಉಳಿಸಿದ್ರಿ."

"ನಾನು ಉಳಿಸ್ಲಿಲ್ಲಮ್ಮಾ" ಎಂದಳು ಸೂಜಿಯಮ್ಮ. "ಅದು ಸುಳ್ಳಾಗಿತ್ತು. ಎಷ್ಟು ಸಲ ಹೇಳ್ಲಿ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೃದುವಾಗಿ ನಕ್ಕರು, ವಯಸ್ಸಾದವರ ಸಂಕೋಚಕ್ಕೆ ನಗುವ ಹಾಗೆ. ಒಬ್ಬಾಕೆ ಅವಳ ಭುಜ ನೇವರಿಸಿದಳು. ಮಗನ ವ್ಯಾನು ಗೊರಗೊರ ಎನ್ನುತ್ತ ಬಂದು ನಿಂತಿತು. ತಾಯಂದಿರು ಸೆರಗಿನಿಂದ ಮೂಗು ಮುಚ್ಚಿಕೊಂಡು ಮಕ್ಕಳನ್ನು ಹತ್ತಿಸಿದರು.

ಮನೆಗೆ ಬಂದು ಸೂಜಿಯಮ್ಮ ಚೀಲವನ್ನು ಮೇಜಿನ ಮೇಲಿಟ್ಟಳು. ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಎಂಬುದನ್ನೆಲ್ಲ ಲಾಯರಮ್ಮ ಗೇಟಿನಲ್ಲೇ ಕೇಳಿಸಿಕೊಂಡಿದ್ದಳು. ಅಪ್ಪನಿಗೆ ಒಂದೂ ಬಿಡದೆ ಹೇಳಿದಳು. ಸೊಸೆ ಆ ಕಡೆ ಒಮ್ಮೆ ನೋಡಿ, ಅವನ ಅಂಗಿಯನ್ನು ಬಕೆಟ್ಟಿಗೆ ಹಾಕಿ ನೆನೆಸಲು ಹೋದಳು. ಸೂಜಿಯಮ್ಮ ಅವಳ ಕೈಯಿಂದ ಬ್ರಷ್ ತೆಗೆದುಕೊಂಡಳು. ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾಲರನ್ನು ತಿಕ್ಕಿದಳು. ನೀರು ಕಪ್ಪಾಯಿತು. ಮತ್ತೆ ತಿಕ್ಕಿದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಬಿಡಮ್ಮಾ, ಅದು ಹೋಗಲ್ಲ" ಎಂದ ಮಗ ಬಾಗಿಲಲ್ಲಿ ನಿಂತು.

ಅವನ ಕೈಯಲ್ಲಿ ಒಂದು ಕಿತ್ತಳೆ ಇತ್ತು. ಅವಳ ಪಕ್ಕದಲ್ಲಿ ಕೂತು ಸಿಪ್ಪೆ ಬಿಡಿಸಿದ. ತೊಳೆಯ ಮೇಲಿನ ಬಿಳಿ ನಾರನ್ನೆಲ್ಲ ಎಳೆದು ತೆಗೆದ, ಅವನು ಚಿಕ್ಕವನಿದ್ದಾಗ ಅವಳು ತೆಗೆಯುತ್ತಿದ್ದ ಹಾಗೆ. ಆಮೇಲೆ ಒಂದು ತೊಳೆಯನ್ನು ಅವಳ ಮುಖದ ಹತ್ತಿರ ಹಿಡಿದ.

"ಬೇಡ ಕಣೋ."

"ಬಾಯಿ ತೆಗಿ" ಎಂದ.

ಅವನ ಬೆರಳಿನಲ್ಲಿ ಡೀಸೆಲ್ ವಾಸನೆ ಇತ್ತು. ಅವಳು ಬಾಯಿ ತೆರೆದಳು.